ತಾಡಪತ್ರಿ ಕೆಳಗಿನ ಸೋಲಾರ್

ಹೋಳಿ ಹುಣ್ಣಿಮೆಯ ಮರುದಿನ ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ನನ್ನ ಬ್ಯಾಟರಿ-ಸೋಲಾರ್ ಅಂಗಡಿಗೆ ಫೋನ್ ಮಾಡಿದರು. ವಯಸ್ಸಿನಲ್ಲಿ ಹಿರಿಯರು, ನಾನು ಕಾಕಾ ಅಂತಲೇ ಕರೆಯುವುದು. ಎರಡು ವರ್ಷದ ಹಿಂದೆ ಹಳೆಯ ಟೂರಿಸ್ಟ್ ವ್ಯಾನ್ ಒಂದನ್ನು ಕೊಂಡು, ಒಳಗೆ ಹಾಸಿಗೆ, ಒಲೆ, ಸಣ್ಣ ಫ್ರಿಜ್ ಹಾಕಿಸಿ ಕ್ಯಾರವಾನ್ ಮಾಡಿಸಿಕೊಂಡಿದ್ದಾರೆ. ಶ್ರೀಶೈಲಕ್ಕೆ ನಡೆದುಕೊಂಡು ಹೋಗುವ ಊರಿನವರ ಹಿಂದೆ ಈ ಗಾಡಿ ಹೊರಡಬೇಕಿತ್ತು. ಸೆಲ್ಫ್ ಹೊಡೆದರೆ ಟಕ್ ಅನ್ನುತ್ತದೆ, ಅಷ್ಟೇ. ಒಳಗಿನ ಲೈಟೂ ಇಲ್ಲ.

"ತಮ್ಮಾ, ಗಾಡಿ ಮ್ಯಾಲ ಸೋಲಾರ್ ಐತಿ. ಬಿಸಿಲಿಗೇನು ನಮ್ಮ ಊರಾಗ ಬರ ಐತೇನು? ಬ್ಯಾಟ್ರಿ ಯಾಕ ಸಾಯಬೇಕು?" ಅಂದರು.

ಹೋಗಿ ನೋಡಿದೆ. ಗಾಡಿಯ ಮೇಲೆ 200 ವ್ಯಾಟ್ ಪ್ಯಾನಲ್ ಇತ್ತು, ನಿಜ. ಪ್ಯಾನಲ್ ಮೇಲೆ, ಧೂಳು ಕೂರಬಾರದು ಅಂತ, ದಪ್ಪ ನೀಲಿ ತಾಡಪತ್ರಿ ಹೊದಿಸಿ ನಾಲ್ಕೂ ಕಡೆ ಹಗ್ಗ ಬಿಗಿದಿದ್ದರು. ದಸರೆಯ ಹೊತ್ತಿಗೆ, ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಕೆಲಸ ಶುರುವಾದಾಗ ಹೊದಿಸಿದ್ದು. ಐದು ತಿಂಗಳು ಆ ಪ್ಯಾನಲ್ ಬಿಸಿಲಿನ ಮುಖ ನೋಡಿರಲಿಲ್ಲ.

ನಗು ಬಂತು, ಆದರೆ ನಗಲಿಲ್ಲ. ವರ್ಷಕ್ಕೆ ಇಂಥ ನಾಲ್ಕೈದು ಗಾಡಿ ನಾನು ನೋಡುತ್ತೇನೆ. ತಾಡಪತ್ರಿಯ ಬದಲು ತಗಡಿನ ಶೆಡ್, ಬೇವಿನ ಮರದ ನೆರಳು, ಇಲ್ಲವೇ ಪಕ್ಕದ ಮನೆಯ ನೀರಿನ ಟ್ಯಾಂಕ್. ಪ್ಯಾನಲ್‌ನ ಒಂದೇ ಮೂಲೆಗೆ ನೆರಳು ಬಿದ್ದರೂ ಕರೆಂಟು ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಒಳಗಿನ ಸೆಲ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುತ್ತವೆ. ಸಾಲಿನಲ್ಲಿ ಒಂದು ನಿಂತರೆ ಉಳಿದವೂ ನಿಲ್ಲುತ್ತವೆ.

ಆದರೆ ಕಾಕಾ ಅವರ ಬ್ಯಾಟರಿ ಸತ್ತಿದ್ದು ಬರೀ ತಾಡಪತ್ರಿಯಿಂದ ಅಲ್ಲ. ಮೊದಲು ಬ್ಯಾಟರಿ ಚಾರ್ಜ್ ಮಾಡಿ, ಎಲ್ಲ ಸ್ವಿಚ್ಚು ಅವರ ಪ್ರಕಾರ "ಬಂದ್" ಇದ್ದಾಗಲೇ ವೈರಿಗೆ ಕಚ್ಚಿಸಿ ಕರೆಂಟು ಅಳೆಯುವ ಡಿಸಿ ಕ್ಲಾಂಪ್ ಮೀಟರ್ ಹಾಕಿದೆ. 1.1 ಆಂಪಿಯರ್ ತೋರಿಸಿತು! ಇನ್ವರ್ಟರ್ ಏನೂ ಕೆಲಸ ಇಲ್ಲದೆ ಸುಮ್ನೆ ಆನ್ ಇದ್ದುದಕ್ಕೆ 0.8. ಗ್ಯಾಸ್ ಸೋರಿಕೆಯ ಅಲಾರಂಗೆ 0.1. ಉಳಿದಿದ್ದು ಮೊಬೈಲ್ ಚಾರ್ಜಿಂಗ್ ಪಾಯಿಂಟ್‌ನ ನೀಲಿ ದೀಪ, ವೋಲ್ಟ್ ತೋರಿಸುವ ಡಿಸ್‌ಪ್ಲೇ, ಇಂಥ ಚಿಲ್ಲರೆ. 1.1 ಅಂದರೆ ಸಣ್ಣದು ಅನ್ನಿಸುತ್ತದೆ. 24 ಗಂಟೆಗೆ ಗುಣಿಸಿ ನೋಡಿ, ದಿನಕ್ಕೆ 26 ಆಂಪಿಯರ್ ಅವರ್. ಅವರ ಒಳಗಿನ ಬ್ಯಾಟರಿ 150 ಆಂಪಿಯರ್ ಅವರ್‌ನದು. ಆರು ದಿನಕ್ಕೆ ಖಾಲಿ. ದಸರೆಗೆ ನಿಲ್ಲಿಸಿದ ಗಾಡಿಯ ಬ್ಯಾಟರಿ ದೀಪಾವಳಿಯನ್ನೂ ನೋಡಿಲ್ಲ.

ಹಾಗಾಗಿ ನನ್ನ ಅಂಗಡಿಗೆ ಬಂದು "ಎಷ್ಟು ವ್ಯಾಟ್ ಪ್ಯಾನಲ್ ಹಾಕಿಸಲಿ" ಅಂತ ಕೇಳುವವರಿಗೆ ನಾನು ಮೊದಲು ಪ್ಯಾನಲ್ ತೋರಿಸುವುದಿಲ್ಲ. ಹೊಲಕ್ಕೆ ನೀರು ಬಿಡುವ ಮೊದಲು ಕಾಲುವೆಯಲ್ಲಿ ಇಲಿ ಬಿಲ ಎಲ್ಲಿದೆ ಅಂತ ನೋಡ್ತೀವಲ್ವಾ? ಹಾಗೆ. ಬಿಲ ಮುಚ್ಚದೆ ಮೋಟರ್ ದೊಡ್ಡದು ಹಾಕಿದರೆ ಕೊನೆಯ ಸಾಲಿಗೆ ನೀರು ಮುಟ್ಟುವುದಿಲ್ಲ.

ಬಿಲ ಹುಡುಕುವುದು ಕಷ್ಟವೇನಲ್ಲ. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಇಲ್ಲದಿದ್ದರೆ ಸಾದಾ ಮಲ್ಟಿಮೀಟರ್ ಅನ್ನು 10 ಆಂಪಿಯರ್ ಪಾಯಿಂಟಿಗೆ ಹಾಕಿ, ಬ್ಯಾಟರಿಯ ಮೈನಸ್ ಕಂಬಕ್ಕೂ ಬಿಚ್ಚಿದ ಕೇಬಲ್ಲಿಗೂ ನಡುವೆ ಹಿಡಿಯಿರಿ. ಆಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಬಾಗಿಲು ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಈಗಿನ ಗಾಡಿಗಳ ಎಲೆಕ್ಟ್ರಾನಿಕ್ಸ್ ಮಲಗುವುದಕ್ಕೆ ಅಷ್ಟು ಹೊತ್ತು ಬೇಕು. ಇಂಜಿನ್ ಕಡೆಯ ಬ್ಯಾಟರಿಯಲ್ಲಿ 20ರಿಂದ 50 ಮಿಲಿ ಆಂಪಿಯರ್ ಇದ್ದರೆ ಸಹಜ. ಸ್ಟೀರಿಯೊ, ಸೆಂಟ್ರಲ್ ಲಾಕ್, ಜಿಪಿಎಸ್ ಕುಡಿಯುವುದು ಅಷ್ಟು. 50 ಮಿಲಿ ಅಂದರೂ ತಿಂಗಳಿಗೆ 36 ಆಂಪಿಯರ್ ಅವರ್ ಆಯಿತು. 100ರ ಬ್ಯಾಟರಿ ಆರು ವಾರದಲ್ಲಿ ಅರ್ಧಕ್ಕೆ ಬರುತ್ತದೆ.

ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಮೈನಸ್ ಕೇಬಲ್ ಬಿಚ್ಚಿಡುವುದೇ ಎಲ್ಲಕ್ಕಿಂತ ಅಗ್ಗದ ಉಪಾಯ. 10 ನಂಬರ್ ಪಾನಾ ಸಾಕು. ಮೈನಸ್ಸೇ ಯಾಕೆ ಮೊದಲು ಅಂತ ಹುಡುಗರು ಕೇಳುತ್ತಾರೆ. ಗಾಡಿಯ ಬಾಡಿ ಎಲ್ಲ ಮೈನಸ್. ಪ್ಲಸ್ ಬಿಚ್ಚುವಾಗ ಪಾನಾ ಜಾರಿ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಕೈಯಲ್ಲಿ ಉಂಗುರ ಇದ್ದರೆ ಅದೂ ಕಾಯುತ್ತದೆ. ಮೈನಸ್ ಬಿಚ್ಚಿದ ಮೇಲೆ ಆ ಭಯವಿಲ್ಲ. ಪದೇ ಪದೇ ಬಿಚ್ಚುವುದು ಬೇಡ ಅನ್ನುವವರು ಒಂದು ಕಟ್-ಆಫ್ ಸ್ವಿಚ್ ಹಾಕಿಸಿಕೊಳ್ಳಿ.

ಅರ್ಧ ಇಳಿದ ಬ್ಯಾಟರಿಯನ್ನು ಹಾಗೇ ಬಿಡಬಾರದು ಅಂತ ನಾವು ಅಂಗಡಿಯವರು ಯಾಕೆ ಅಷ್ಟು ಹಟ ಹಿಡಿಯುತ್ತೇವೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ್ಯಸಿಡ್ ಬ್ಯಾಟರಿ ಇಳಿಯುವಾಗ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಅದು ಪ್ರತಿ ಸಲವೂ ಆಗುವಂಥದ್ದೇ. ಬೇಗ ಚಾರ್ಜ್ ಮಾಡಿದರೆ ಕರಗಿ ವಾಪಸ್ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟುತ್ತದೆ. ಮುಧೋಳ, ಮಹಾಲಿಂಗಪುರ ಕಡೆ ಬೆಲ್ಲದ ಗಾಣ ನೋಡಿದವರಿಗೆ ಬೇಗ ತಿಳಿಯುತ್ತದೆ. ಪಾಕ ಬಿಸಿ ಇರುವಾಗ ಹೇಗೆ ಬೇಕಾದರೂ ಹರಿಯುತ್ತದೆ, ಅಚ್ಚಿನಲ್ಲಿ ಆರಿದ ಮೇಲೆ ಒಡೆಯಬೇಕೇ ಹೊರತು ಸುರಿಯಲಾಗದು. ಹಾಗೆ ಗಟ್ಟಿಯಾದ ಪ್ಲೇಟನ್ನು ಸರಿ ಮಾಡುವ ಪಲ್ಸ್ ಚಾರ್ಜರ್‌ಗಳು ಬಂದಿವೆ. ನಾನೂ ಒಂದು ಇಟ್ಟಿದ್ದೇನೆ. ಸ್ವಲ್ಪ ಗಟ್ಟಿಯಾದದ್ದು ಕೆಲವೊಮ್ಮೆ ಬಿಡುತ್ತದೆ. ಐದು ತಿಂಗಳು ಸತ್ತು ಮಲಗಿದ್ದು ನನ್ನ ಕೈಯಲ್ಲಿ ಒಮ್ಮೆಯೂ ಎದ್ದಿಲ್ಲ.

ಆದ್ದರಿಂದ ನಿಲ್ಲಿಸುವ ಮೊದಲು ಬ್ಯಾಟರಿ ಪೂರ್ತಿ ತುಂಬಿರಬೇಕು. ಮನೆಯ ಕರೆಂಟಿನ ಚಾರ್ಜರ್ ಹಾಕಿ ಒಂದು ಇಡೀ ರಾತ್ರಿ ಬಿಡಿ. ನೂರರಲ್ಲಿ ಕೊನೆಯ 20 ಪಾಲು ತುಂಬುವುದಕ್ಕೇ ಹಲವು ಗಂಟೆ ಹಿಡಿಯುತ್ತದೆ. ಚಾರ್ಜರ್ ತೆಗೆದು ನಾಲ್ಕೈದು ಗಂಟೆ ಬಿಟ್ಟು ಮೀಟರ್ ಹಿಡಿದರೆ 12.6ರಿಂದ 12.7 ಬರಬೇಕು. 12.4 ಬಂದರೆ ಮುಕ್ಕಾಲು. 12.2 ಅರ್ಧ. 12 ಇದ್ದರೆ "ಹನ್ನೆರಡು ವೋಲ್ಟ್ ಬ್ಯಾಟರಿ, ಹನ್ನೆರಡು ಐತಿ, ಸರಿ ಐತಿ" ಅಂತ ಖುಷಿಪಡುವವರು ಬಹಳ. ಅದು ಕಾಲು ಭಾಗ ಮಾತ್ರ.

ನೀರು ಹಾಕುವ ಬ್ಯಾಟರಿಯಾದರೆ ಚಾರ್ಜ್ ಆದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ, ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕುತ್ತದೆ. ಬೋರ್ ನೀರು ಬೇಡವೇ ಬೇಡ. ನಮ್ಮ ಜಿಲ್ಲೆಯ ಬೋರ್ ನೀರಿನಿಂದ ಪಾತ್ರೆಗೇ ಬಿಳಿ ಪದರ ಕಟ್ಟುತ್ತದೆ, ಇನ್ನು ಪ್ಲೇಟಿನ ಗತಿ ಏನು? ಫಿಲ್ಟರ್ ನೀರೂ ಡಿಸ್ಟಿಲ್ಡ್ ಅಲ್ಲ.

ಈಗ ಪ್ಯಾನಲ್ ಮಾತು. ಸೋರಿಕೆ ನಿಲ್ಲಿಸಿದ ಮೇಲೆ ಬೇಕಾಗುವುದು ಎಷ್ಟು ಕಡಿಮೆ ಅಂತ ಕೇಳಿದರೆ ನಂಬುವುದಿಲ್ಲ. ಬ್ಯಾಟರಿ ತನ್ನಷ್ಟಕ್ಕೆ ತಾನೇ ತಿಂಗಳಿಗೆ ನೂರಕ್ಕೆ ಮೂರರಿಂದ ಐದು ಇಳಿಯುತ್ತದೆ. ಅದು 25 ಡಿಗ್ರಿಯಲ್ಲಿ. ಪ್ರತಿ 10 ಡಿಗ್ರಿ ಏರಿದರೆ ಹೆಚ್ಚುಕಮ್ಮಿ ದುಪ್ಪಟ್ಟು. ನಮ್ಮ ಬೇಸಿಗೆಗೆ ಹತ್ತು ಅಂತ ಹಿಡಿದರೂ 150ರ ಬ್ಯಾಟರಿಗೆ ದಿನಕ್ಕೆ ಅರ್ಧ ಆಂಪಿಯರ್ ಅವರ್. ಮೇಲೆ ಹೇಳಿದ 50 ಮಿಲಿ ಲೆಕ್ಕದಲ್ಲಿ ಗಾಡಿ ಕುಡಿಯುವ ಒಂದೂಕಾಲು ಸೇರಿಸಿದರೂ ಎರಡು ದಾಟುವುದಿಲ್ಲ. 20 ವ್ಯಾಟ್ ಪ್ಯಾನಲ್, ದಿನಕ್ಕೆ ಬರೀ 4 ಗಂಟೆಯ ಚೆನ್ನಾದ ಬಿಸಿಲು, ಅದರಲ್ಲೂ 30 ಪಾಲು ನಷ್ಟ ಅಂತ ಹಿಡಿದರೆ ಸುಮಾರು 4 ಆಂಪಿಯರ್ ಅವರ್ ಕೊಡುತ್ತದೆ. ಸಾಕು, ಮಿಕ್ಕುತ್ತದೆ. ಕಾಕಾ ಅವರ ಇನ್ವರ್ಟರ್ ಆನ್ ಇಟ್ಟೇ ಈ ಲೆಕ್ಕ ಹಾಕಿದರೆ 130 ವ್ಯಾಟ್ ದಾಟುತ್ತದೆ. ಒಂದು ಸ್ವಿಚ್ ಒತ್ತುವುದೋ, ಅಷ್ಟು ದೊಡ್ಡ ಪ್ಯಾನಲ್ ಹೊರುವುದೋ ನೋಡಿ.

ಈ 4 ಗಂಟೆ ವಿಜಯಪುರದ ಲೆಕ್ಕ. ಬೆಳಗಾವಿ ಜಿಲ್ಲೆಯಲ್ಲೇ ಖಾನಾಪುರ, ಕಣಕುಂಬಿ ಕಡೆ ಜುಲೈ ತಿಂಗಳಲ್ಲಿ ಇದು ನಡೆಯದು. ಅಲ್ಲಿ ದಿನಗಟ್ಟಲೆ ಮೋಡ ಕದಲುವುದಿಲ್ಲ. ಅಲ್ಲಿನವರಿಗೆ ನಾನು 80-100 ವ್ಯಾಟ್ ಹೇಳುತ್ತೇನೆ, ಇಲ್ಲವೇ ಮಳೆಗಾಲಕ್ಕೆ ಸೋಲಾರ್ ಆಸೆ ಬಿಟ್ಟು ಕರೆಂಟಿನ ಆಟೋ-ಕಟ್ ಚಾರ್ಜರ್ ಇಟ್ಟುಕೊಳ್ಳಿ ಅನ್ನುತ್ತೇನೆ. ಬಾಗಲಕೋಟೆ ಜಿಲ್ಲೆಯಲ್ಲಿ ಬೇರೆ ತಾಪತ್ರಯ. ಸಕ್ಕರೆ ಕಾರ್ಖಾನೆಗಳ ಹತ್ತಿರ ಹಂಗಾಮು ಶುರುವಾದರೆ ಕಬ್ಬಿನ ಸಿಪ್ಪೆಯ ಕರಿ ಬೂದಿ ಪ್ಯಾನಲ್ ಮೇಲೆ ಕೂರುತ್ತದೆ. ಇಬ್ಬನಿ ಬಿದ್ದರೆ ಅಂಟಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ತಂಪಿನಲ್ಲಿ ಒದ್ದೆ ಬಟ್ಟೆ ಆಡಿಸಬೇಕು. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ 15-17 ಡಿಗ್ರಿ ಓರೆ ಇದ್ದರೆ ನಮ್ಮ ಮೂರೂ ಜಿಲ್ಲೆಗೆ ಸರಿ. ಚಪ್ಪಟೆ ಮಲಗಿಸಿದರೆ ಧೂಳು ಜಾಸ್ತಿ ನಿಲ್ಲುತ್ತದೆ.

ಪ್ಯಾನಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಇಲ್ಲದೆ ನೇರ ಕೊಡಬಹುದಾ ಅನ್ನುವ ಪ್ರಶ್ನೆಗೆ ನನ್ನದೇ ಕತೆ ಇದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಮ್ಮ ಮನೆಯ ಟ್ರ್ಯಾಕ್ಟರ್ ಬ್ಯಾಟರಿಗೆ 75 ವ್ಯಾಟ್ ಪ್ಯಾನಲ್ ನೇರ ಕಟ್ಟಿ ಬಂದೆ. ಅಪ್ಪ ಮೆಚ್ಚಿಕೊಂಡರು. ತಿಂಗಳ ನಂತರ ಮುಚ್ಚಳ ತೆಗೆದರೆ ನೀರು ಆರಿ ಪ್ಲೇಟ್ ಹೊರಗೆ ಕಾಣುತ್ತಿತ್ತು, ಡಬ್ಬಿಯ ಪಕ್ಕ ಉಬ್ಬಿತ್ತು. ಅಪ್ಪ ಮೆಚ್ಚಿಕೊಂಡಿದ್ದನ್ನು ವಾಪಸ್ ತೆಗೆದುಕೊಂಡರು. 12 ವೋಲ್ಟ್ ಪ್ಯಾನಲ್ ಅಂತ ಹೆಸರಷ್ಟೇ, ಬಿಸಿಲಿನಲ್ಲಿ ಅದು ಕೆಲಸ ಮಾಡುವುದು 17-18 ವೋಲ್ಟಿನಲ್ಲಿ, ಖಾಲಿ ಬಿಟ್ಟರೆ 21 ದಾಟುತ್ತದೆ. ನಡುವೆ ತಡೆಯುವವನು ಬೇಕೇ ಬೇಕು. ಅಂಗೈಯಗಲದ 5 ವ್ಯಾಟ್ ಪ್ಯಾನಲ್, 100ರ ಬ್ಯಾಟರಿ ಆದರೆ ರಾತ್ರಿ ಕರೆಂಟು ವಾಪಸ್ ಹರಿಯದಂತೆ ತಡೆಯುವ ಡಯೋಡ್ ಒಂದೇ ಸಾಕಾದೀತು. ಅದಕ್ಕಿಂತ ಮೇಲಿನದಕ್ಕೆ ಕಂಟ್ರೋಲರ್ ಹಾಕಿ. ಇಷ್ಟು ಸಣ್ಣ ಕೆಲಸಕ್ಕೆ ದುಬಾರಿ ಎಂಪಿಪಿಟಿ ಜಾತಿಯ ಕಂಟ್ರೋಲರ್ ಬೇಡ, ಅಗ್ಗದ ಪಿಡಬ್ಲ್ಯುಎಂ ಜಾತಿಯದು ಸಾಕು. ಹಾಗೆ ಹೇಳಿದರೆ ನನಗೇ ವ್ಯಾಪಾರ ಕಡಿಮೆ, ಇರಲಿ.

ಒಂದರಲ್ಲಿ ಮಾತ್ರ ಜಿಪುಣತನ ಬೇಡ. ತಾಪಮಾನ ನೋಡಿ ವೋಲ್ಟ್ ಇಳಿಸುವ ಸೌಲಭ್ಯ ಇರುವ ಕಂಟ್ರೋಲರ್ ತೆಗೆದುಕೊಳ್ಳಿ. ಕ್ಯಾರವಾನ್ ಕುರಿತ ವಿದೇಶಿ ವಿಡಿಯೊಗಳಲ್ಲೆಲ್ಲ ಹಿಮ, ಚಳಿ, ಬ್ಯಾಟರಿ ಹೆಪ್ಪುಗಟ್ಟುವ ಮಾತು. ನಮಗೆ ಶತ್ರು ಬಿಸಿ. ಸದಾ ತುಂಬಿಟ್ಟುಕೊಳ್ಳುವ ಫ್ಲೋಟ್ ವೋಲ್ಟ್ 25 ಡಿಗ್ರಿಗೆ 13.6 ಅಂತ ಇಟ್ಟಿದ್ದರೆ, 40 ಡಿಗ್ರಿಯಲ್ಲಿ 13.3 ಸಾಕು. ಆ 0.3 ವೋಲ್ಟ್ ತಿಂಗಳುಗಟ್ಟಲೆ ಹೆಚ್ಚಾಗಿ ಹೋದರೆ ನೀರು ಆರುತ್ತದೆ, ಒಳಗಿನ ಜಾಲರಿ ಸವೆಯುತ್ತದೆ. ಮುಚ್ಚಿದ ಗಾಡಿಯೊಳಗೆ ಸೀಟಿನ ಕೆಳಗಿನ ಪೆಟ್ಟಿಗೆ ಏಪ್ರಿಲ್‌ನಲ್ಲಿ ಹೊರಗಿಗಿಂತ ಬಿಸಿ. ಅಲ್ಲಿ ಗಾಳಿಯಾಡುವ ತೂತೂ ಇರಲೇಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಬ್ಯಾಟರಿಯ ಪ್ಲಸ್ ಹತ್ತಿರವೇ ಒಂದು ಫ್ಯೂಸ್.

ಬಹಳ ಜನ ಮರೆಯುವುದು ಎರಡನೇ ಬ್ಯಾಟರಿ. ಕ್ಯಾರವಾನ್‌ನಲ್ಲಿ ಇಂಜಿನ್‌ಗೆ ಒಂದು, ಒಳಗಿನ ಮನೆಗೆ ಒಂದು ಇರುತ್ತದೆ. ಮೇಲಿನ ಪ್ಯಾನಲ್ ಸಾಮಾನ್ಯವಾಗಿ ಒಳಗಿನದಕ್ಕೆ ಮಾತ್ರ ಹೋಗುತ್ತದೆ. ಒಳಗೆ ಫ್ಯಾನ್ ತಿರುಗುತ್ತದೆ, ಟಿವಿ ನಡೆಯುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಎರಡು ಔಟ್‌ಪುಟ್ ಇರುವ ಕಂಟ್ರೋಲರ್ ಹಾಕಿಸಿದರೆ ಇದು ಮುಗಿಯಿತು. ಇಲ್ಲವಾದರೆ ಇಂಜಿನ್ ಬ್ಯಾಟರಿಯ ಮೈನಸ್ ಬಿಚ್ಚಿಡಿ.

ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡುತ್ತೇವೆ ಅನ್ನುವವರಿಗೆ: ಸೆಲ್ಫ್ ತೆಗೆದುಕೊಂಡದ್ದು ವಾಪಸ್ ಬರುತ್ತದೆ, ವಾರವಿಡೀ ಸೋರಿದ್ದು ಬರುವುದಿಲ್ಲ. ಸ್ಟಾರ್ಟ್ ಮಾಡುವುದಾದರೆ ಒಂದು ಗಂಟೆ ಓಡಿಸಿಕೊಂಡು ಬನ್ನಿ.

ಲಿಥಿಯಂ ಬ್ಯಾಟರಿ ಹಾಕಿಸಿದವರು ಮೇಲೆ ಹೇಳಿದ ಬಹಳಷ್ಟನ್ನು ತಲೆಕೆಳಗು ಮಾಡಿಕೊಳ್ಳಬೇಕು. ಅದಕ್ಕೆ ಸಲ್ಫೇಟ್ ಕಾಟವಿಲ್ಲ. ಪೂರ್ತಿ ತುಂಬಿ ಬಿಸಿಯಲ್ಲಿ ಕೂರುವುದೇ ಅದಕ್ಕೆ ಆಗದು. ಅರ್ಧದಷ್ಟು ಚಾರ್ಜಿನಲ್ಲಿ ಇಟ್ಟು, ಮೊದಲು ಸೋಲಾರ್, ಆಮೇಲೆ ಉಳಿದದ್ದು ಬಿಚ್ಚಿ, ನೆರಳಿನಲ್ಲಿ ಬಿಡಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಅವರಿಗೆ ತಾಡಪತ್ರಿ ಹೊದಿಸಿದರೂ ತೊಂದರೆಯಿಲ್ಲ.

ಕಾಕಾ ಅವರದು ಟ್ಯೂಬುಲರ್ ಆ್ಯಸಿಡ್ ಬ್ಯಾಟರಿ. ಹಳೆಯದು ಏಳಲಿಲ್ಲ, ಹೊಸದು ಹಾಕಿದೆವು. ಗಾಡಿ ಒಂದು ದಿನ ತಡವಾಗಿ ಹೊರಟಿತು, ನಡೆಯುವವರನ್ನು ಅದೇ ಸಂಜೆ ಹಿಡಿಯಿತು. ತಾಡಪತ್ರಿ ಬೇಡ ಅಂದರೆ ಅವರು ಕೇಳುವವರಲ್ಲ. ಆಮೇಲೆ ಒಣದ್ರಾಕ್ಷಿ ಶೆಡ್ಡಿನ ಮೇಲೆ 40 ವ್ಯಾಟಿನ ಬೇರೆ ಪ್ಯಾನಲ್ ಕೂರಿಸಿ, 10 ಮೀಟರ್ ವೈರ್ ಇಳಿಸಿ, ಇಲಿ ಕಡಿಯದಂತೆ ಪೈಪಿನೊಳಗೆ ಹಾಕಿ, ಕಂಟ್ರೋಲರ್ ಬ್ಯಾಟರಿಯ ಪಕ್ಕವೇ ಇಟ್ಟೆ. ಗಾಡಿ ಹೊದ್ದುಕೊಂಡು ಮಲಗಲಿ ಅಂತ. ಮುಂದಿನ ಜನವರಿಯಲ್ಲಿ ಅವರೇ ಫೋನ್ ಮಾಡಿದರು. ಬೆಳಗ್ಗೆ ಬಿಸಿಲು ಏರುವ ಮೊದಲು ಮೀಟರ್ ಹಿಡಿದಿದ್ದರು, 12.7.

"ಬ್ಯಾಟ್ರಿ ಬರೋಬ್ಬರಿ ಐತಿ ತಮ್ಮಾ. ಟಾಯರ್ ನಾಕೂ ಕುಂತಾವು ನೋಡು."