ಕಂಬದ ನಂಬರ್ ಎಷ್ಟು? ಬೆಂಗಳೂರು ಕಳೆದುಕೊಂಡ ಕಾರ್ಪೊರೇಟರ್ ಮನೆಬಾಗಿಲು

ನಾನು ಚಿಕ್ಕವನಿದ್ದಾಗ ನಮ್ಮ ವಾರ್ಡಿನ ಕಾರ್ಪೊರೇಟರ್ ಮನೆ ಎರಡು ರಸ್ತೆ ಆಚೆ ಇತ್ತು. ಬೆಳಗ್ಗೆ ಏಳು ಗಂಟೆಗೆಲ್ಲ ಆ ಮನೆ ಜಗಲಿ ಮೇಲೆ ಹತ್ತು ಹದಿನೈದು ಜನ. ಒಬ್ಬರಿಗೆ ಮಗನ ಸ್ಕೂಲಿಗೆ ವಾಸದ ದೃಢೀಕರಣ ಪತ್ರ ಬೇಕು. ಇನ್ನೊಬ್ಬರ ಮನೆ ಮುಂದೆ ಮ್ಯಾನ್‌ಹೋಲ್ ಉಕ್ಕಿದೆ. ಮತ್ತೊಬ್ಬರು ಸುಮ್ನೆ ಪೇಪರ್ ಓದೋಕೆ ಬಂದವರು. ಅಮ್ಮ ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಮ್ಮ ಕ್ರಾಸ್‌ನಲ್ಲಿ ಬೀದಿದೀಪ ಹೋಗಿ ವಾರವಾಗಿತ್ತು. ಕಾರ್ಪೊರೇಟರ್ ಗೆರೆ ಹಾಕಿದ ಉದ್ದನೆಯ ನೋಟ್‌ಬುಕ್ ತೆಗೆದು, 'ಕಂಬದ ನಂಬರ್ ಎಷ್ಟಮ್ಮ?' ಅಂತ ಕೇಳಿದರು. ಅಮ್ಮನಿಗೆ ಗೊತ್ತಿರಲಿಲ್ಲ. ನಾನು ಓಡಿಹೋಗಿ, ಕಂಬದ ಮೇಲೆ ಬಣ್ಣದಲ್ಲಿ ಬರೆದಿದ್ದ ನಂಬರನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಬಂದೆ. ಅವರು ನನ್ನ ಕೈ ಹಿಡಿದು ಓದಿ, ನೋಟ್‌ಬುಕ್‌ಗೆ ಇಳಿಸಿಕೊಂಡರು. ಎರಡು ದಿನಕ್ಕೆ ದೀಪ ಬಂತು.

ಬೀದಿದೀಪ ಸಣ್ಣ ವಿಷಯ ಅನಿಸಬಹುದು. ಆದರೆ ಅದು ಕೆಟ್ಟಾಗ ಯಾರ ಮನೆಗೆ ಹೋಗಬೇಕು ಅಂತ ನಮ್ಮ ಬೀದಿಯ ಎಲ್ಲರಿಗೂ ಗೊತ್ತಿತ್ತು. ಆ ಬಾಗಿಲು ಹೇಗೆ ಹುಟ್ಟಿತು, ಹೇಗೆ ಮುಚ್ಚಿಹೋಯಿತು ಅನ್ನೋದೇ ಈ ಲೇಖನದ ವಿಷಯ.

ಶುರುವಿನಿಂದ ಹೇಳುತ್ತೇನೆ. 1862ರಲ್ಲಿ ಬೆಂಗಳೂರು ಪೇಟೆಗೆ ಒಂದು, ದಂಡು ಪ್ರದೇಶಕ್ಕೆ (ಕಂಟೋನ್ಮೆಂಟ್) ಒಂದು, ಹೀಗೆ ಎರಡು ಮುನಿಸಿಪಾಲಿಟಿ ಆದವು. ಪೇಟೆಯ ಮುನಿಸಿಪಾಲಿಟಿಯಲ್ಲಿ ಊರಿನ ಒಂಬತ್ತು ಜನ ಗಣ್ಯರು ಕೂತರು. ಅವರನ್ನು ಯಾರೂ ಆರಿಸಿ ಕಳಿಸಿರಲಿಲ್ಲ. ಇಪ್ಪತ್ತು ವರ್ಷದ ನಂತರ ಅರ್ಧದಷ್ಟು ಸದಸ್ಯರನ್ನು ಚುನಾಯಿಸುವ ಅವಕಾಶ ಬಂತು. ಟೌನ್ ಹಾಲ್‌ಗೆ ಪುಟ್ಟಣ್ಣ ಚೆಟ್ಟಿ ಪುರಭವನ ಅನ್ನೋ ಹೆಸರಿದೆಯಲ್ಲ, ಆ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರು ಇದೇ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದವರು.

ಆ ಕಾಲದ ದೊಡ್ಡ ತಲೆನೋವು ನೀರು ಮತ್ತು ಗಲೀಜು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಕಿಷ್ಕಿಂಧೆಯಂಥ ಓಣಿಗಳು ನರಳಿದವು. ಜನಕ್ಕೆ ಗಾಳಿ ಬೆಳಕು ಸಿಗಲಿ ಅಂತ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಎದ್ದವು. ಮಲ್ಲೇಶ್ವರದಲ್ಲಿ ಮನೆಗಳ ಹಿಂದೆ ಹಾದುಹೋಗುವ ಕಿರಿದಾದ ಕನ್ಸರ್ವೆನ್ಸಿ ಲೇನ್‌ಗಳನ್ನು ಈಗಲೂ ನೋಡಬಹುದು. ಮಲ ಹೊರುವವರು ಮನೆ ಮುಂದೆ ಬರಬಾರದು ಅಂತ ಮಾಡಿದ ದಾರಿ ಅದು. ಆ ಲೇನ್‌ಗಳಲ್ಲಿ ನಡೆಯುವಾಗ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಊರನ್ನು ಚೊಕ್ಕಟವಾಗಿಟ್ಟವರನ್ನು ಊರಿನ ಬೆನ್ನ ಹಿಂದೆ ನಡೆಸಿದ್ದೆವು. ಈವತ್ತು ಬೆಳಗಿನ ಜಾವ ಹಾಜರಿ ಹಾಕಿ ಪೊರಕೆ ಹಿಡಿಯುವ ಪೌರಕಾರ್ಮಿಕರ ಕಷ್ಟವನ್ನು ಮೊದಲು ಕೇಳಬೇಕಾದ್ದೂ ವಾರ್ಡಿನ ಸದಸ್ಯರೇ.

1949ರಲ್ಲಿ ಎರಡೂ ಮುನಿಸಿಪಾಲಿಟಿ ಸೇರಿ ಬೆಂಗಳೂರು ಕಾರ್ಪೊರೇಷನ್ ಆಯಿತು. ಮರುವರ್ಷ ಮೊದಲ ಚುನಾವಣೆ ನಡೆಯಿತು. ಕೌನ್ಸಿಲರ್, ಕಾರ್ಪೊರೇಟರ್ ಅನ್ನೋ ಮಾತು ಮನೆಮಾತಾಗಿದ್ದು ಆಮೇಲೆ. ಆಗಿನ ಊರು ಚಿಕ್ಕದು. ನೀರು, ಚರಂಡಿ, ರಸ್ತೆ, ದೀಪ, ಕಸ ಹೀಗೆ ಬೀದಿಯ ಕೆಲಸ ಬಹುಪಾಲು ಕಾರ್ಪೊರೇಷನ್ ಕೈಯಲ್ಲೇ ಇತ್ತು.

ಆ ಕೈಯಿಂದ ಕೆಲವು ಕೆಲಸ ಆಚೆ ಹೋದವು, ಇನ್ನು ಕೆಲವಕ್ಕೆ ಕಾರ್ಪೊರೇಷನ್ ಹೊರಗೇ ಬೇರೆ ಸಂಸ್ಥೆಗಳು ಹುಟ್ಟಿದವು. 1964ರಲ್ಲಿ ಜಲಮಂಡಳಿ ಬಂತು, ನೀರು ಮತ್ತು ಒಳಚರಂಡಿ ಅದರ ಪಾಲಾಯಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು, ಹೊಸ ಬಡಾವಣೆ ಮತ್ತು ಊರಿನ ಪ್ಲಾನ್ ಅಲ್ಲಿಗೆ ಹೋಯಿತು. 1997ರಲ್ಲಿ ಸಿಟಿ ಬಸ್ಸಿಗೆ ಬಿಎಂಟಿಸಿ, 2002ರಲ್ಲಿ ಕರೆಂಟಿಗೆ ಬೆಸ್ಕಾಂ. ಕಸಕ್ಕೂ ಈಗ ಬೇರೆ ಕಂಪನಿ ಇದೆ. ಒಂದೊಂದನ್ನೂ ಬೇರೆ ಮಾಡಿದ್ದಕ್ಕೆ ಆಗ ಕಾರಣ ಇತ್ತು, ಊರು ಬೆಳೆಯುತ್ತಿತ್ತು, ತಾಂತ್ರಿಕ ಕೆಲಸಕ್ಕೆ ಪರಿಣತರು ಬೇಕಿತ್ತು. ಸರಿಯೇ. ಆದರೆ ಈ ಸಂಸ್ಥೆಗಳು ರಾಜ್ಯ ಸರ್ಕಾರದ ಕಡೆ ನೋಡುತ್ತವೆ. ವಾರ್ಡಿನ ಸದಸ್ಯರಿಗೆ ಉತ್ತರ ಕೊಡಬೇಕಾದ ಕಟ್ಟುಪಾಡು ಅವುಗಳಿಗಿಲ್ಲ.

ಇದು ಬೀದಿಯಲ್ಲಿ ಹೇಗೆ ಕಾಣುತ್ತದೆ ನೋಡಿ. ಒಂದು ಕ್ರಾಸ್ ರೋಡ್ ಅಂದುಕೊಳ್ಳಿ. ಮಳೆ ಬಂದ ರಾತ್ರಿ ಮರದ ಕೊಂಬೆ ಮುರಿದು ತಂತಿ ಮೇಲೆ ಬಿತ್ತು. ಕೆಳಗೆ ಮ್ಯಾನ್‌ಹೋಲ್ ಉಕ್ಕುತ್ತಿದೆ, ಪಕ್ಕದ ಚರಂಡಿಯಲ್ಲಿ ಹೂಳು ತುಂಬಿ ನೀರು ಮನೆಯೊಳಗೆ ನುಗ್ಗುತ್ತಿದೆ. ಕೊಂಬೆ ತೆಗೆಯೋರು ಪಾಲಿಕೆಯ ಅರಣ್ಯ ವಿಭಾಗದವರು. ತಂತಿ ಬೆಸ್ಕಾಂದು, 1912ಕ್ಕೆ ಫೋನ್ ಮಾಡಬೇಕು. ಮ್ಯಾನ್‌ಹೋಲ್ ಜಲಮಂಡಳಿದು, 1916. ಮಳೆನೀರಿನ ಚರಂಡಿ ಪಾಲಿಕೆದು, 1533. ಕರೆಂಟ್ ಆಫ್ ಆಗದೆ ಕೊಂಬೆ ಕಡಿಯೋ ಹಾಗಿಲ್ಲ. ಕೊಂಬೆ ತೆಗೆಯದೆ ಮ್ಯಾನ್‌ಹೋಲ್ ಗಾಡಿ ಒಳಗೆ ಬರೋ ಹಾಗಿಲ್ಲ. ಚರಂಡಿ ಹೂಳು ತೆಗೆಯದಿದ್ದರೆ ಮ್ಯಾನ್‌ಹೋಲ್ ಸರಿಮಾಡಿದರೂ ನೀರು ನಿಲ್ಲುತ್ತದೆ. ಒಬ್ಬೊಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಾರೆ. ಮನೆಯೊಳಗೆ ಮೊಣಕಾಲುದ್ದ ನೀರಲ್ಲಿ ನಿಂತ ಅಜ್ಜಿಗೆ ಈ ಲೆಕ್ಕವೆಲ್ಲ ಯಾಕೆ ಬೇಕು, ಹೇಳಿ.

ಕಾರ್ಪೊರೇಟರ್ ಬೇಕಾಗುವುದು ಇಲ್ಲೇ. ಕಾನೂನಿನ ಪ್ರಕಾರ ಇವುಗಳಲ್ಲಿ ಅರ್ಧಕ್ಕರ್ಧ ಅವರ ಕೆಲಸವೇ ಅಲ್ಲ. ಆದರೂ ಜನ ಹೋಗುತ್ತಿದ್ದದ್ದು ಅವರ ಮನೆಗೇ. ಅವರು ಮೂವರಿಗೂ ಫೋನ್ ಮಾಡಿ, ಬೆಳಗ್ಗೆ ಒಂದೇ ಹೊತ್ತಿಗೆ ಕರೆಸಿ, ಕೆಲಸ ಮುಗಿಯುವ ತನಕ ಅಲ್ಲೇ ನಿಲ್ಲುತ್ತಿದ್ದರು. ಒಳ್ಳೆಯ ಕಾರ್ಪೊರೇಟರ್ ಅಂದರೆ ಇದೇ, ಬೆನ್ನು ಹತ್ತೋದು. ಯಾವ ಎಂಜಿನಿಯರ್ ಯಾವ ಹೊತ್ತಿಗೆ ಫೋನ್ ಎತ್ತುತ್ತಾರೆ, ಯಾವ ಕೆಲಸಕ್ಕೆ ಜಾಬ್ ಕೋಡ್ (ಪಾಲಿಕೆ ಕೆಲಸಕ್ಕೆ ಕೊಡುವ ನಂಬರ್) ಆಗಿದೆ, ಯಾವ ಬಿಲ್ ಎಲ್ಲಿ ಕೂತಿದೆ ಅನ್ನೋದು ಬಾಯಿಪಾಠ ಇರಬೇಕು. ಇದು ಯಾವ ಕಾಯ್ದೆಯಲ್ಲೂ ಬರೆದಿಲ್ಲದ ಕೆಲಸ.

ಎಲ್ಲ ಕಾರ್ಪೊರೇಟರ್‌ಗಳೂ ಹೀಗಿದ್ದರು ಅಂತ ನಾನು ಹೇಳೋದಿಲ್ಲ. ಗುತ್ತಿಗೆದಾರರ ಜೊತೆ ಕೈಜೋಡಿಸಿದವರು, ಮನೆ ಕಟ್ಟೋರ ಹತ್ತಿರ ವಸೂಲಿಗೆ ನಿಂತವರು, ಐದು ವರ್ಷ ಮುಖ ತೋರಿಸದವರು ಇದ್ದರು. 2015ರ ಚುನಾವಣೆಯಲ್ಲಿ ಅರ್ಧದಷ್ಟು ಸೀಟು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಕೆಲವು ಕಡೆ ಗಂಡಂದಿರೇ ಅಧಿಕಾರ ನಡೆಸಿದ್ದೂ ಉಂಟು. ಆದರೆ ಮೊದಲ ಸಲ ಗೆದ್ದ ಎಷ್ಟೋ ಮಹಿಳೆಯರು ನೀರಿನ ಗಾಡಿ ಬರುವ ಹೊತ್ತು, ಅಂಗನವಾಡಿ ಚಾವಣಿ, ಸಂಜೆ ಕತ್ತಲಾದ ಮೇಲೆ ಹೆಣ್ಣುಮಕ್ಕಳು ನಡೆಯುವ ರಸ್ತೆಯ ದೀಪ, ಇಂಥದ್ದನ್ನು ಕೌನ್ಸಿಲ್ ಸಭೆಗೆ ತಂದರು. ಕೆಟ್ಟವರನ್ನು ಜನ ಮುಂದಿನ ಸಲ ಮನೆಗೆ ಕಳಿಸಬಹುದಿತ್ತು. ಆ ದಾರಿಯೊಂದು ತೆರೆದಿರಬೇಕು, ಅಷ್ಟೇ.

ಆ ದಾರಿ ಮುಚ್ಚಬಾರದು ಅಂತಲೇ ಸಂವಿಧಾನಕ್ಕೆ 74ನೇ ತಿದ್ದುಪಡಿ ಆಗಿದ್ದು. 1993ರ ಜೂನ್ 1ರಿಂದ ಜಾರಿಗೆ ಬಂತು. ನಗರ ಸಂಸ್ಥೆಯ ಅವಧಿ ಐದು ವರ್ಷ, ಅದು ಮುಗಿಯುವ ಮುಂಚೆಯೇ ಮುಂದಿನ ಚುನಾವಣೆ ಆಗಬೇಕು ಅಂತ 243-ಯು ವಿಧಿ ಹೇಳುತ್ತದೆ. ನಡುವೆ ವಿಸರ್ಜನೆ ಆದರೆ ಆರು ತಿಂಗಳು ಗಡುವು. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು.

ಅದೇ 2006ರ ನವೆಂಬರ್‌ನಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ ಮುಗಿಯಿತು. ಚುನಾವಣೆ ಆಗಲಿಲ್ಲ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೆ.ಆರ್. ಪುರ ಎಂಬ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು ಸುತ್ತಲಿನ 110 ಹಳ್ಳಿ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಸುಮಾರು 225 ಚದರ ಕಿಲೋಮೀಟರ್ ಇದ್ದ ಊರು ಒಂದೇ ಏಟಿಗೆ 700 ದಾಟಿತು. ಊರು ಇಷ್ಟು ದೊಡ್ಡದಾದ ಆ ಮೂರು ವರ್ಷಗಳಲ್ಲಿ ಜನ ಆರಿಸಿದ ಒಬ್ಬ ಸದಸ್ಯರೂ ಇರಲಿಲ್ಲ. ಹಳ್ಳಿಗಳಲ್ಲಿ ಪಂಚಾಯಿತಿ ಸದಸ್ಯರೂ ಹೋದರು, ಕಾರ್ಪೊರೇಟರ್ ಇನ್ನೂ ಬರಲಿಲ್ಲ. ಆ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡುವ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ಆ ನಡುವೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ಇದಕ್ಕೆಲ್ಲ ಸದಸ್ಯರಿಲ್ಲದ್ದೇ ಕಾರಣ ಅಂತಲ್ಲ, ಅದು ದುಡ್ಡಿನ, ದೂರದ, ನದಿಯ ವಿಷಯ ಕೂಡ. ಆದರೆ ಶುರುವಿನಲ್ಲೇ ಕೇಳುವವರು ಇರಲಿಲ್ಲ ಅನ್ನೋದು ನಿಜ.

2010ರ ಮಾರ್ಚ್‌ನಲ್ಲಿ 198 ವಾರ್ಡಿಗೆ ಚುನಾವಣೆ ಆಯಿತು, 2015ರ ಆಗಸ್ಟ್‌ನಲ್ಲಿ ಮತ್ತೆ. ಈ ಹತ್ತು ವರ್ಷದಲ್ಲಿ ಕೆಲವು ಒಳ್ಳೆಯ ಕೆಲಸ ಶುರುವಾಯಿತು. ಊರ ಹೊರಗಿನ ಮಂಡೂರಿನ ಜನ ನಮ್ಮ ಕಸದ ಗುಡ್ಡದ ನಾತ ಸಾಕಾಗಿ ರಸ್ತೆಗಿಳಿದರು, 2014ರ ಕೊನೆಗೆ ಅಲ್ಲಿಗೆ ಕಸ ಹೋಗೋದು ನಿಂತಿತು. ಹಸಿ ಕಸ, ಒಣ ಕಸ ಬೇರೆ ಮಾಡೋದನ್ನು ಊರು ಕಲಿಯಬೇಕಾಯಿತು. ವಾರ್ಡ್‌ಗೊಂದು ಒಣ ಕಸ ಕೇಂದ್ರ ಬೇಕು ಅಂದಾಗ ಎಲ್ಲರೂ ಹೇಳಿದ್ದು ಒಂದೇ, 'ನಮ್ಮ ಬೀದಿಯಲ್ಲಿ ಬೇಡ'. ಅದಕ್ಕೆ ಜಾಗ ಹುಡುಕಿ, ಅಕ್ಕಪಕ್ಕದವರನ್ನು ಒಪ್ಪಿಸಿ, ಬೈಸಿಕೊಂಡದ್ದು ಕಾರ್ಪೊರೇಟರ್‌ಗಳೇ. ಅಧಿಕಾರಿ ಆದೇಶ ಹೊರಡಿಸಬಹುದು. ಮನೆಮನೆ ಬಾಗಿಲು ತಟ್ಟಿ ಒಪ್ಪಿಸೋಕೆ ಅದೇ ಬೀದಿಯಲ್ಲಿ ವೋಟು ಕೇಳಿದವರೇ ಬೇಕು. ವಾರ್ಡ್ ಸಮಿತಿಗಳಿಗೂ ಈ ಕಾಲದಲ್ಲೇ ಜೀವ ಬಂತು. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ ಸದಸ್ಯರು, ತಿಂಗಳಿಗೊಂದು ಸಭೆ. ವಾರ್ಡಿನ ದುಡ್ಡು ಎಲ್ಲಿ ಖರ್ಚಾಗುತ್ತಿದೆ ಅಂತ ಯಾರು ಬೇಕಾದರೂ ಬಂದು ಕೇಳಬಹುದಿತ್ತು.

2020ರ ಸೆಪ್ಟೆಂಬರ್ 10ಕ್ಕೆ ಆ ಕೌನ್ಸಿಲ್ ಅವಧಿ ಮುಗಿಯಿತು. ಕೋವಿಡ್ ನಡುವೆಯೇ ಕೌನ್ಸಿಲ್ ಜಾಗಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದರು.

ಆಮೇಲಿನದ್ದು ನಂಬರ್‌ಗಳ ಕಥೆ. ಸರ್ಕಾರ ವಾರ್ಡುಗಳನ್ನು 198ರಿಂದ 243ಕ್ಕೆ ಏರಿಸಲು ಹೊರಟಿತು. 2020ರ ಡಿಸೆಂಬರ್ 4ರಂದು ಹೈಕೋರ್ಟ್, ಹಳೆಯ 198 ವಾರ್ಡಿಗೇ ಚುನಾವಣೆ ಮಾಡಿ ಅಂದಿತು. ಎರಡು ವಾರದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2022ರ ಜುಲೈನಲ್ಲಿ 243 ವಾರ್ಡಿನ ಗಡಿ ಗೊತ್ತಾಯಿತು, ಸೆಪ್ಟೆಂಬರ್ ಕೊನೆಗೆ ಮೀಸಲಾತಿ ಪಟ್ಟಿಯನ್ನು ಹೈಕೋರ್ಟ್ ರದ್ದು ಮಾಡಿತು. ಸರ್ಕಾರ ಬದಲಾಯಿತು. 2023ರಲ್ಲಿ ಹೊಸ ಲೆಕ್ಕ, 225 ವಾರ್ಡು. ಅದಕ್ಕೂ ಚುನಾವಣೆ ಆಗಲಿಲ್ಲ. ಗ್ರೇಟರ್ ಬೆಂಗಳೂರು ಕಾಯ್ದೆ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ಪಾಲಿಕೆ ಆದವು. ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಪ್ರಾಧಿಕಾರ. ವಾರ್ಡುಗಳು ಒಟ್ಟು 369. ಆ ವರ್ಷ ಮುಗಿದಾಗಲೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಅಧಿಕಾರದಲ್ಲಿ ಯಾವ ಪಕ್ಷ ಇದ್ದರೂ ಹೀಗೇ ಆಯಿತು ಅನ್ನೋದನ್ನು ಗಮನಿಸಿ. ಬೆಂಗಳೂರು ಮಾತ್ರವೂ ಅಲ್ಲ. ಮೈಸೂರು ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು ಅಲ್ಲೂ ಆಡಳಿತಾಧಿಕಾರಿ ಬಂದರು. ಹುಬ್ಬಳ್ಳಿ-ಧಾರವಾಡದವರು 2019ರಿಂದ 2021ರ ತನಕ ಕಾದಿದ್ದರು.

ಯಾಕೆ ಹೀಗೆ? ನನಗೆ ಅನಿಸೋದು, ಕಾರ್ಪೊರೇಟರ್ ಇಲ್ಲದಿದ್ದರೆ ವಾರ್ಡಿನ ದುಡ್ಡು, ವಾರ್ಡಿನ ಕೆಲಸ ಎಲ್ಲ ಶಾಸಕರ ಸುತ್ತಲೇ ತಿರುಗುತ್ತದೆ. ಬಿಟ್ಟುಕೊಡೋಕೆ ಯಾರಿಗೆ ಮನಸ್ಸು ಬರುತ್ತದೆ? ಆದರೆ ಶಾಸಕರ ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಜನ. ಅವರ ಕೆಲಸ ವಿಧಾನಸೌಧದಲ್ಲಿ ಕಾನೂನು ಮಾಡೋದು. ಕಂಬದ ನಂಬರ್ ಅವರು ಬರೆದುಕೊಳ್ಳಬೇಕು ಅಂತ ಕೇಳೋದು ಅವರಿಗೂ ನ್ಯಾಯ ಅಲ್ಲ.

ಆ ಐದು ವರ್ಷದಲ್ಲಿ ಊರಿಗೆ ಏನೇನು ಬಂತು ನೆನಪು ಮಾಡಿಕೊಳ್ಳಿ. 2021ರ ಏಪ್ರಿಲ್-ಮೇ ತಿಂಗಳ ಎರಡನೇ ಅಲೆ, ಬೆಡ್‌ಗಾಗಿ ರಾತ್ರಿಯಿಡೀ ಫೋನ್ ಮಾಡಿದ ದಿನಗಳು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಟ್ರಾಕ್ಟರ್‌ನಲ್ಲಿ ಜನ ಓಡಾಡಿದ ಪ್ರವಾಹ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ರೇಟಿಗೆ ಸರ್ಕಾರವೇ ಮಿತಿ ಹಾಕಬೇಕಾಗಿ ಬಂದದ್ದು. ಈ ಮೂರೂ ಸಲ ವಾರ್ಡಿನಲ್ಲಿ ಓಡಾಡಿದ ಮಾಜಿ ಕಾರ್ಪೊರೇಟರ್‌ಗಳು ಇದ್ದರು, ಅವರಿಗೆ ನಾನು ಕೈಮುಗಿಯುತ್ತೇನೆ. ಅವರ ಕೈಯಲ್ಲಿ ಸಹಿ ಇರಲಿಲ್ಲ, ದುಡ್ಡಿರಲಿಲ್ಲ, ಫೋನ್ ಎತ್ತಲೇಬೇಕು ಅನ್ನೋ ದರ್ದು ಅಧಿಕಾರಿಗಳಿಗೂ ಇರಲಿಲ್ಲ. ವಾರ್ಡ್ ಸಮಿತಿ ಸಭೆಗೆ ಅಧ್ಯಕ್ಷರಾಗಿ ಕೂತದ್ದು ವಾರ್ಡಿಗೆ ನೇಮಿಸಿದ ನೋಡಲ್ ಅಧಿಕಾರಿ. ಅವರಲ್ಲೂ ಒಳ್ಳೆಯವರಿದ್ದಾರೆ. ಆದರೆ ವರ್ಗ ಆದರೆ ಅವರು ಹೋಗಿಬಿಡುತ್ತಾರೆ, ಹೊಸಬರು ಬಂದಾಗ ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಎಲ್ಲಿ ತಿರುಗುತ್ತದೆ ಅನ್ನೋದರಿಂದ ಮತ್ತೆ ಹೇಳಬೇಕು.

ಈಗ ಆ್ಯಪ್ ಇದೆಯಲ್ಲ, ಫೋಟೋ ಹಾಕಿದರೆ ಸಾಕಲ್ವಾ ಅಂತ ಚಿಕ್ಕ ವಯಸ್ಸಿನವರು ಕೇಳುತ್ತಾರೆ. ಆ್ಯಪ್ ಬೇಕು, ನಾನೂ ಬಳಸುತ್ತೇನೆ. ದೂರು ಎಲ್ಲಿಗೆ ಹೋಯಿತು ಅಂತ ಅದು ತೋರಿಸುತ್ತದೆ. ಆದರೆ ನಮ್ಮ ಹಿಂದಿನ ಬೀದಿಯಲ್ಲಿ ಹೂವು ಕಟ್ಟುವ ಅಕ್ಕನಿಗೆ ಓದೋಕೆ ಬರೋದಿಲ್ಲ. ಅವರ ಮನೆ ತಗ್ಗಿನಲ್ಲಿದೆ, ಮಳೆನೀರು ಮೊದಲು ನುಗ್ಗೋದು ಅವರ ಮನೆಗೇ. ಅವರಿಗೆ ನಡೆದು ಹೋಗಿ ಕೂಗಬಹುದಾದ ಒಂದು ಬಾಗಿಲು ಬೇಕು. ಆ್ಯಪ್‌ನಲ್ಲಿ ಹತ್ತು ದೂರು ಬಂದ ಬೀದಿ ಮೊದಲೋ, ಒಂದೂ ಬಾರದ ತಗ್ಗಿನ ಬೀದಿ ಮೊದಲೋ ಅಂತ ನಿರ್ಧರಿಸೋಕೂ ಎರಡೂ ಬೀದಿ ನೋಡಿದವರು ಬೇಕು.

2011ರ ಜನಗಣತಿ ಪ್ರಕಾರ ಊರಲ್ಲಿ 84 ಲಕ್ಷ ಜನ. 198 ವಾರ್ಡಿದ್ದಾಗ ಒಬ್ಬ ಕಾರ್ಪೊರೇಟರ್‌ಗೆ ಸುಮಾರು 42 ಸಾವಿರ ಜನ ಬರುತ್ತಿದ್ದರು. 369 ವಾರ್ಡಿಗೆ ಅದು 23 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಊರು ಆಮೇಲೆ ತುಂಬಾ ಬೆಳೆದಿದೆ, ನಿಜವಾದ ಸಂಖ್ಯೆ ಜಾಸ್ತಿಯೇ. ಆದರೂ ವಾರ್ಡು ಚಿಕ್ಕದಾದರೆ ನಡೆದು ಸುತ್ತಬಹುದು, ಮುಖಗಳು ನೆನಪಿರುತ್ತವೆ. ಈ ಒಂದು ಬದಲಾವಣೆ ನನಗೆ ಇಷ್ಟವಾಗಿದೆ. ಜೊತೆಗೆ ಜಲಮಂಡಳಿ, ಬೆಸ್ಕಾಂ ಎಂಜಿನಿಯರ್‌ಗಳು ತಿಂಗಳಿಗೊಮ್ಮೆ ವಾರ್ಡ್ ಸಮಿತಿಗೆ ಬಂದು ಕೂತು ಉತ್ತರ ಕೊಡಲೇಬೇಕು ಅನ್ನೋ ಕಟ್ಟುಪಾಡು ಬಂದರೆ, ಮ್ಯಾನ್‌ಹೋಲ್ ಉಕ್ಕಿದ ರಾತ್ರಿ ಮೂರು ನಂಬರ್ ಒತ್ತುವ ಕಷ್ಟ ತಪ್ಪುತ್ತದೆ.

ನಮ್ಮ ಹಳೆಯ ಕಾರ್ಪೊರೇಟರ್ ಮನೆ ಈಗ ಅಪಾರ್ಟ್‌ಮೆಂಟ್ ಆಗಿದೆ. ಜಗಲಿ ಇದ್ದ ಕಡೆ ಕಾರು ನಿಲ್ಲುತ್ತದೆ. ಆ ರಸ್ತೆಯಲ್ಲಿ ಎಲ್‌ಇಡಿ ದೀಪ ಬಂದಿದೆ, ಕಂಬದ ಮೇಲೆ ಹೊಸ ನಂಬರ್ ಬರೆದಿದ್ದಾರೆ. ಮೊನ್ನೆ ಒಂದು ದೀಪ ಹೋಗಿತ್ತು. ನಂಬರನ್ನು ಫೋನ್‌ನಲ್ಲಿ ಫೋಟೋ ತೆಗೆದುಕೊಂಡು, ಯಾರಿಗೆ ಕಳಿಸಲಿ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.