ತಪ್ಪು ಉತ್ತರವೂ ತಾಳೆಯಾದಾಗ

ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳಲ್ಲಿ ಎಡವುವವರು ವಿಧಾನ ಗೊತ್ತಿಲ್ಲದೆ ಎಡವುವುದು ಅಪರೂಪ. ಕಳೆಯುವಾಗ ಚಿಹ್ನೆ ಜಾರುತ್ತದೆ, ತಾಳೆ ನೋಡುವಾಗಲೂ ಅದು ಕಣ್ತಪ್ಪಿಸಿಕೊಳ್ಳುತ್ತದೆ. ಚರಾಕ್ಷರಗಳನ್ನು ಅ, ಬ ಎಂದಿಟ್ಟುಕೊಂಡು ಒಂದು ಲೆಕ್ಕ ಬಿಡಿಸೋಣ.

3ಅ + 4ಬ = 1 … (1)
5ಅ − 6ಬ = 27 … (2)

ಬರೆಯಲು ತೊಡಗುವ ಮೊದಲು ಸಹಗುಣಕಗಳನ್ನು, ಅಂದರೆ ಅ, ಬ ಜೊತೆಗಿರುವ ಸಂಖ್ಯೆಗಳನ್ನು, ಗಮನಿಸಿ. ಬ ಪದಗಳ ಚಿಹ್ನೆ ವಿರುದ್ಧವಾಗಿದೆ, ಹಾಗಾಗಿ ಕೂಡಿದರೆ ಸಾಕು. ಅ ಪದಗಳ ಚಿಹ್ನೆ ಒಂದೇ, ಅದನ್ನು ವರ್ಜಿಸಲು, ಅಂದರೆ ಇಲ್ಲವಾಗಿಸಲು, ಕಳೆಯಬೇಕು. ಕೂಡಿ ಮುಗಿಸಬಹುದಾದಲ್ಲಿ ಕಳೆಯುವ ಗೋಜಿಗೆ ಹೋಗದಿರುವುದೇ ಜಾಣತನ. 4 ಮತ್ತು 6ರ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) 12. ಆದ್ದರಿಂದ (1)ನ್ನು 3ರಿಂದ, (2)ನ್ನು 2ರಿಂದ ಗುಣಿಸಿ:

9ಅ + 12ಬ = 3
10ಅ − 12ಬ = 54

ಕೂಡಿದಾಗ 19ಅ = 57, ಅಂದರೆ ಅ = 3. ಇದನ್ನು (1)ರಲ್ಲಿ ಆದೇಶಿಸಿದರೆ, ಅಂದರೆ ಅ ಇರುವಲ್ಲಿ 3 ಹಾಕಿದರೆ, 9 + 4ಬ = 1, ಬ = −2. ಅಭ್ಯಾಸಬಲದಿಂದ 6 ಮತ್ತು 4ರಿಂದ ಗುಣಿಸಿದರೂ ಉತ್ತರ ಇದೇ. ಆದರೆ 38ಅ = 114 ಎಂದು ಸಂಖ್ಯೆಗಳು ಸುಮ್ಮನೆ ಉಬ್ಬುತ್ತವೆ. ಗುಣಿಸುವಾಗ ಬಲಭಾಗವನ್ನು ಮರೆತು 9ಅ + 12ಬ = 1 ಎಂದು ಬರೆಯುವವರೂ ಬಹಳ. ಆಗ 19ಅ = 55 ಆಗಿ ಭಿನ್ನರಾಶಿ ಬರುತ್ತದೆ. ಅದು ಒಳ್ಳೆಯದೇ, ಅನುಮಾನವಾದರೂ ಹುಟ್ಟುತ್ತದೆ.

ಅನುಮಾನವೇ ಹುಟ್ಟದ ತಪ್ಪು ಬೇರೆಯಿದೆ. ಅ ಪದವನ್ನು ವರ್ಜಿಸಲು ಹೊರಟರೆ ಹೀಗಾಗುತ್ತದೆ:

15ಅ + 20ಬ = 5
15ಅ − 18ಬ = 81

ಕಳೆದರೆ 20ಬ − (−18ಬ) = 38ಬ, ಬಲಭಾಗ −76, ಬ = −2. ಇಲ್ಲಿ ಕೆಳಸಾಲಿನ ಚಿಹ್ನೆ ಬದಲಿಸದೆ 20ರಲ್ಲಿ 18 ಕಳೆದವರಿಗೆ 2ಬ = −76, ಬ = −38 ಸಿಗುತ್ತದೆ. (1)ರಲ್ಲಿ ಆದೇಶಿಸಿದರೆ 3ಅ = 153, ಅ = 51. ಎರಡೂ ಪೂರ್ಣಾಂಕಗಳು! ಅದೇ (1)ರಲ್ಲಿ ತಾಳೆ ನೋಡಿದರೆ 153 − 152 = 1, ಸರಿಯಾಗಿಯೇ ಕಾಣುತ್ತದೆ. ಕಾಣದೆ ಇರುತ್ತದೆಯೇ? ಆ ಸಮೀಕರಣದಿಂದಲೇ ಅ ಬೆಲೆ ಪಡೆದದ್ದಲ್ಲವೇ! (2)ರಲ್ಲಿ ಹಾಕಿದರೆ 255 + 228 = 483. ಬರಬೇಕಿದ್ದದ್ದು 27. ಆದ್ದರಿಂದ ಯಾವ ಸಮೀಕರಣದಲ್ಲಿ ಆದೇಶಿಸಿದಿರೋ ಅದನ್ನು ಬಿಟ್ಟು ಇನ್ನೊಂದರಲ್ಲಿ ತಾಳೆ ನೋಡಬೇಕು. ಕಳೆಯಲೇಬೇಕಾಗಿ ಬಂದರೆ ಕೆಳಸಾಲನ್ನು ಪೂರ್ತಿ −1ರಿಂದ ಗುಣಿಸಿ ಬರೆದುಕೊಂಡು ಕೂಡಿ. ಒಂದು ಸಾಲು ಹೆಚ್ಚಾಗುತ್ತದೆ, ಆಗಲಿ.

ಆದೇಶ ವಿಧಾನ ಸುಲಭವಾಗುವುದು ಯಾವುದಾದರೂ ಸಹಗುಣಕ 1 ಅಥವಾ −1 ಇದ್ದಾಗ. ಅ = 2ಬ − 5 ಮತ್ತು 7ಬ − 3ಅ = 18 ಎಂದಿದ್ದರೆ, ಅ ಇರುವಲ್ಲಿ ಆವರಣ ಹಾಕಿಯೇ ಬರೆಯಿರಿ: 7ಬ − 3(2ಬ − 5) = 18. ಬಿಡಿಸಿದರೆ ಬ + 15 = 18, ಬ = 3, ಅ = 1. ಆವರಣ ಬಿಟ್ಟವರು −15 ಎಂದು ಬರೆದು ಬ = 33ಕ್ಕೆ ಹೋಗಿ ನಿಲ್ಲುತ್ತಾರೆ. ಒಂದು ಸಮೀಕರಣದಿಂದ ಪಡೆದ ಅ ಬೆಲೆಯನ್ನು ಮರೆತು ಅದೇ ಸಮೀಕರಣಕ್ಕೆ ಹಾಕಿದರೆ 0 = 0 ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ಸರಿಯಾದ ಹಾದಿಯಲ್ಲಿ ಹೋಗಿಯೂ ಎರಡೂ ಚರಾಕ್ಷರಗಳು ಮಾಯವಾದರೆ ಮಾತ್ರ ಅದಕ್ಕೆ ಅರ್ಥವಿದೆ. 2ಅ + 3ಬ = 7 ಮತ್ತು 4ಅ + 6ಬ = 14 ಎಂಬವನ್ನು ನಕ್ಷೆಯಲ್ಲಿ ಎಳೆದರೆ ಒಂದೇ ರೇಖೆ, 0 = 0, ಅಪರಿಮಿತ ಪರಿಹಾರಗಳು. 14ರ ಬದಲು 15 ಇದ್ದರೆ 0 = 1 ಎಂಬ ಅಸಂಬದ್ಧ ಬರುತ್ತದೆ. ರೇಖೆಗಳು ಸಮಾಂತರ, ಪರಿಹಾರವಿಲ್ಲ.

ಸಮಾಂತರಕ್ಕೆ ತೀರಾ ಹತ್ತಿರವಿರುವ ರೇಖೆಗಳ ಬಗ್ಗೆ ಪಾಠದಲ್ಲಿ ಹೆಚ್ಚು ಹೇಳುವುದಿಲ್ಲ. 2ಅ + 3ಬ = 7 ಜೊತೆಗೆ 2.01ಅ + 3ಬ = 7.05 ಇದ್ದರೆ ಅ = 5. ಆ 7.05 ಅಳತೆಯಿಂದ ಬಂದಿದ್ದು 7.06 ಆದರೆ ಅ = 6! ಲೆಕ್ಕ ಸರಿ, ಉತ್ತರ ನಂಬುವಂಥದ್ದಲ್ಲ. ರೇಖೆಗಳನ್ನು ಎಳೆದು ಅವು ಸೇರುವ ಬಿಂದು ನೋಡುವ ನಕ್ಷಾ ವಿಧಾನದಲ್ಲಂತೂ ಪೆನ್ಸಿಲ್ ಗೆರೆಯ ದಪ್ಪದಲ್ಲೇ ಛೇದನ ಬಿಂದು ಕಳೆದುಹೋಗುತ್ತದೆ.

37ಅ + 63ಬ = 163, 63ಅ + 37ಬ = 137 ಎಂಬಂಥ ಜೋಡಿಗೆ ಲ.ಸಾ.ಅ. ಹುಡುಕುವುದು ವ್ಯರ್ಥ ಶ್ರಮ. ಸಹಗುಣಕಗಳು ಅದಲುಬದಲಾಗಿವೆ. ಕೂಡಿ 100ರಿಂದ ಭಾಗಿಸಿದರೆ ಅ + ಬ = 3. ಮೊದಲನೆಯದರಿಂದ ಎರಡನೆಯದನ್ನು ಕಳೆದು 26ರಿಂದ ಭಾಗಿಸಿದರೆ −ಅ + ಬ = 1. ಅ = 1, ಬ = 2.

ಇನ್ನು, ಒಂದೇ ಸಮೀಕರಣ ಕೊಟ್ಟು ಪೂರ್ಣಾಂಕ ಪರಿಹಾರ ಕೇಳಿದರೆ? 3ಅ + 4ಬ = 1ಕ್ಕೆ (3, −2) ಸಿಕ್ಕಿದೆಯಲ್ಲ, ಅ ಬೆಲೆಗೆ 4 ಕೂಡುತ್ತಾ ಬ ಬೆಲೆಯಿಂದ 3 ಕಳೆಯುತ್ತಾ ಹೋಗಿ: (7, −5), (11, −8). ಹಿಂದಕ್ಕೆ ನಡೆದರೆ (−1, 1). ಆ ಮೊದಲ ಜೋಡಿಯನ್ನು ಊಹೆಯಿಲ್ಲದೆ ಹುಡುಕಿಕೊಡುವುದೇ ಆರ್ಯಭಟನಿಂದ ಬಂದ ಕುಟ್ಟಕ ಕ್ರಮ. ಆದರೆ 4ಅ + 6ಬ = 7ಕ್ಕೆ ಯಾವ ಕ್ರಮವೂ ನೆರವಾಗದು: ಎಡಭಾಗ ಯಾವಾಗಲೂ ಸಮಸಂಖ್ಯೆ, ಬಲಭಾಗ ಬೆಸ.