ನರ ಕಡಿದಾಗ ಉಳಿದದ್ದೇನು?

ವೈದ್ಯಕೀಯ ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆಯಲ್ಲಿ ತೋಳಿನ ಮೂಳೆಯಾದ ಹ್ಯೂಮರಸ್ಸನ್ನು ಕೈಗೆ ಕೊಟ್ಟು, ಇದು ನಡುವೆ ಮುರಿದರೆ ಏನಾಗುತ್ತದೆ ಎಂದು ಕೇಳಿದರೆ, ರೇಡಿಯಲ್ ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬೀಳುತ್ತದೆ ಎಂಬ ಉತ್ತರ ಬಹುಮಟ್ಟಿಗೆ ಎಲ್ಲರಿಂದಲೂ ತಡವಿಲ್ಲದೆ ಬರುತ್ತದೆ. ಹಾಗಾದರೆ ಆ ರೋಗಿಗೆ ಮಡಚಿದ ಮೊಣಕೈಯನ್ನು ನೇರ ಮಾಡಲು ಸಾಧ್ಯವೇ ಎಂದು ಕೇಳಿದೊಡನೆ ಹಲವರು ಸುಮ್ಮನಾಗುತ್ತಾರೆ. ಅವರು ಓದಿಲ್ಲವೆಂದಲ್ಲ. ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ಓದಿರುತ್ತಾರೆ, ಏನು ಉಳಿಯುತ್ತದೆ ಎಂದು ಯೋಚಿಸಿರುವುದಿಲ್ಲ. ಪರೀಕ್ಷೆಗೆ ಮುನ್ನ ಅಂಗರಚನಾಶಾಸ್ತ್ರವನ್ನು ಮತ್ತೆ ತಿರುವಿಹಾಕುವವರು ಪ್ರತಿಯೊಂದು ನರದ ಮುಂದೆಯೂ ಈ ಎರಡನೆಯ ಪ್ರಶ್ನೆಯನ್ನು ಇಟ್ಟುಕೊಳ್ಳಬೇಕೆಂಬುದು ಪಾಠ ಹೇಳುತ್ತ ಬಂದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ.

ಮೊಣಕೈಯನ್ನು ನೇರ ಮಾಡುವ ಟ್ರೈಸೆಪ್ಸ್ ಸ್ನಾಯುವಿಗೆ ಹೋಗುವ ಮುಖ್ಯ ಶಾಖೆಗಳು ರೇಡಿಯಲ್ ನರವು ಮೂಳೆಯ ಹಿಂದಿನ ಸುರುಳಿ ತೋಡನ್ನು ಸೇರುವ ಮೊದಲೇ, ಕಂಕುಳಿನ ಆಸುಪಾಸಿನಲ್ಲಿ, ಕವಲೊಡೆದಿರುತ್ತವೆ. ಆದ್ದರಿಂದ ತೋಳಿನ ಮೂಳೆ ನಡುವೆ ಮುರಿದವರಲ್ಲಿ ಆ ಶಕ್ತಿ ಬಹುಪಾಲು ಉಳಿಯುತ್ತದೆ; ಊರುಗೋಲು ಕಂಕುಳನ್ನು ಒತ್ತಿ ನರ ಸೋತವರಲ್ಲಿ ಅದೂ ಹೋಗುತ್ತದೆ. ನಾಲೆ ಒಡೆದರೆ ಅದರ ಕೆಳಗಿನ ಗದ್ದೆಗಳಿಗೆ ಮಾತ್ರ ನೀರು ತಪ್ಪುತ್ತದೆ, ಮೇಲಿನ ತೂಬುಗಳ ಗದ್ದೆಗಳಿಗೆ ಹರಿಯುತ್ತಲೇ ಇರುತ್ತದೆ ಎಂದರೆ ಮಂಡ್ಯದ ಕಡೆಯ ವಿದ್ಯಾರ್ಥಿಗಳಿಗೆ ಹೆಚ್ಚು ವಿವರಣೆಯೇ ಬೇಕಾಗುವುದಿಲ್ಲ.

ಮುಖದ ನರಕ್ಕೂ ಇದೇ ಪ್ರಶ್ನೆಯನ್ನು ಹಾಕಿ ನೋಡಬಹುದು. ಬಾಯಿ ಒಂದು ಕಡೆಗೆ ವಾಲಿದವರು ಎದುರು ಬಂದಾಗ, ಹುಬ್ಬು ಏರಿಸಿ ಎಂದು ಹೇಳಬೇಕು. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಅರ್ಧಗಳಿಂದ ಆಜ್ಞೆ ಬರುವುದರಿಂದ, ಒಂದು ಕಡೆಯ ಪಾರ್ಶ್ವವಾಯುವಿನಲ್ಲಿ ಹಣೆಯ ನೆರಿಗೆ ಉಳಿಯುತ್ತದೆ. ಬೆಲ್ಸ್ ಪಾಲ್ಸಿಯಲ್ಲಿ ನರವೇ ಸೋತಿರುವುದರಿಂದ ಆ ಬದಿಯ ಹಣೆಯೂ ನುಣುಪಾಗುತ್ತದೆ. ಇಲ್ಲಿ ಉಳಿದಿರುವ ನೆರಿಗೆಯೇ ಅಪಾಯದ ಸೂಚನೆ.

ವೈದ್ಯಕೀಯ ಸ್ನಾತಕೋತ್ತರ ಪ್ರವೇಶಕ್ಕಾಗಿ ನಡೆಯುವ ನೀಟ್ ಪಿಜಿ ಪರೀಕ್ಷೆಯಲ್ಲಿ 200 ಪ್ರಶ್ನೆಗಳಿಗೆ ಮೂರೂವರೆ ಗಂಟೆ, ಅಂದರೆ ಒಂದಕ್ಕೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಸಿಗುತ್ತದೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಳೆತ. ಅಷ್ಟು ಸಮಯದಲ್ಲಿ ಕಂಠಪಾಠದ ಎರಡು ಪಟ್ಟಿಗಳು ಒಂದರೊಳಗೊಂದು ಬೆರೆತುಹೋಗುವುದು ಸಹಜ. ಮೂಳೆಯನ್ನು ಮುಂದಿಟ್ಟುಕೊಂಡು, ದಾರವೊಂದನ್ನು ನರವೆಂದು ಅದರ ಮೇಲೆ ಹಾಯಿಸಿ, ಶಾಖೆಗಳು ಹುಟ್ಟುವ ಕ್ರಮದಲ್ಲಿ ಗಂಟು ಹಾಕಿ, ಬೇರೆಬೇರೆ ಕಡೆ ಬೆರಳಿಟ್ಟು ಇಲ್ಲಿ ಕಡಿದರೆ ಏನು ಉಳಿಯಿತು ಎಂದು ಬಾಯಿಬಿಟ್ಟು ಹೇಳಿಕೊಳ್ಳುವ ಅರ್ಧ ಗಂಟೆಯ ಅಭ್ಯಾಸವು ಹತ್ತು ಪುಟಗಳಿಗೆ ಬಣ್ಣದ ಗೆರೆ ಎಳೆಯುವುದಕ್ಕಿಂತ ಹೆಚ್ಚು ಉಪಯುಕ್ತವೆಂದು ನಾನು ನಂಬಿದ್ದೇನೆ.

ಈ ವಿಧಾನದ ಬೆಲೆ ನಿಜವಾಗಿ ತಿಳಿಯುವುದು ಅಲ್ನಾರ್ ನರದಲ್ಲಿ. ಮೊಣಕೈ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೂ ಜುಮ್ಮೆನ್ನಿಸುವ ನರವದು. ಕುಷ್ಠರೋಗದಲ್ಲಿ ಮೊಣಕೈಯ ಹಿಂದೆ ದಪ್ಪಗಾಗಿ ಕೈಗೆ ಸಿಗುವುದೂ ಅದೇ. ಅದು ಸೋತರೆ ಅಂಗೈಯ ಸಣ್ಣ ಸ್ನಾಯುಗಳು ದುರ್ಬಲವಾಗಿ ಉಂಗುರಬೆರಳು ಮತ್ತು ಕಿರುಬೆರಳು ಕೊಕ್ಕೆಯಂತೆ ಬಾಗುತ್ತವೆ. ಪೆಟ್ಟು ಮೇಲೆ, ಮೊಣಕೈಯಲ್ಲಿ ಬಿದ್ದಿದ್ದರೆ ಕೊಕ್ಕೆ ಇನ್ನೂ ಹೆಚ್ಚಾಗಬೇಕೆಂದು ಯಾರಿಗೂ ತೋರುತ್ತದೆ. ಆಗುವುದು ಅದಕ್ಕೆ ವಿರುದ್ಧ. ಬೆರಳತುದಿಯನ್ನು ಒಳಕ್ಕೆ ಎಳೆಯುವುದು ಮುಂಗೈಯಲ್ಲಿರುವ ಆಳದ ಸ್ನಾಯು. ಈ ಎರಡು ಬೆರಳುಗಳ ಪಾಲಿನ ಅದರ ಭಾಗಕ್ಕೆ ಅಲ್ನಾರ್ ನರದ ಶಾಖೆ ಮೊಣಕೈಯ ಸ್ವಲ್ಪ ಕೆಳಗೆ ಹೊರಡುತ್ತದೆ. ಮಣಿಕಟ್ಟಿನಲ್ಲಿ ನರ ಕಡಿದವರಲ್ಲಿ ಆ ಸ್ನಾಯು ಉಳಿದಿರುವುದರಿಂದ ಬೆರಳುಗಳು ಚೆನ್ನಾಗಿ ಮಡಚಿಕೊಳ್ಳುತ್ತವೆ. ಮೊಣಕೈಯಲ್ಲಿ ಕಡಿದವರಲ್ಲಿ ಅದೂ ಸೋತಿರುವುದರಿಂದ ನಷ್ಟ ಹೆಚ್ಚಾಗಿದ್ದರೂ ಕೈ ನೋಡಲು ಅಷ್ಟು ವಿಕಾರವಾಗಿರುವುದಿಲ್ಲ.

ಮೊಣಕೈಯಲ್ಲಿ ಜೋಡಿಸಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಕೆಳಕ್ಕೆ ಬೆಳೆಯುತ್ತದೆ. ಮುಂಗೈಯ ಸ್ನಾಯುವನ್ನು ಅದು ಮೊದಲು ಮುಟ್ಟುತ್ತದೆ; ಅಂಗೈವರೆಗಿನ ಸುಮಾರು 25 ಸೆಂಟಿಮೀಟರ್ ದಾರಿಗೆ ಎಂಟು ತಿಂಗಳಿಗೂ ಹೆಚ್ಚು ಬೇಕು. ಈ ನಡುವಿನ ತಿಂಗಳುಗಳಲ್ಲಿ ರೋಗಿ ಹೆದರಿ ಬಂದು, ‘ಡಾಕ್ಟ್ರೇ, ಆಪರೇಷನ್ ಆದ್ಮೇಲೆ ಬೆರಳು ಮೊದಲಿಗಿಂತ ಜಾಸ್ತಿ ಮಡಚ್ಕೊಳ್ತಾ ಇದೆ’ ಎನ್ನಬಹುದು. ಆಗ ಕಿರುಬೆರಳಿನ ನಡುಗೆಣ್ಣನ್ನು ಅಲುಗದಂತೆ ಹಿಡಿದು, ತುದಿಯನ್ನಷ್ಟೇ ಮಡಚಲು ಹೇಳಬೇಕು. ಹಿಂದಿನ ಭೇಟಿಯಲ್ಲಿ ಅಲುಗದಿದ್ದ ತುದಿ ಈಗ ಬಾಗಿದರೆ, ನರ ಮುಂಗೈಗೆ ಬಂದು ಮುಟ್ಟಿದೆ.